ಶೆಡ್‌ನಲ್ಲಿ ನಿಂತ ಗಾಡಿ

ಕೂತ್ಕೊಳ್ಳಿ ಪ್ರಿಯರೇ. ಬೈಬಲ್ ಇರೋರು ಫಿಲಿಪ್ಪಿಯವರಿಗೆ 1:6 ತೆಗೀರಿ.

ನಮ್ಮಲ್ಲಿ ಒಳ್ಳೇ ಕೆಲಸ ಶುರುಮಾಡಿದ ದೇವರು ಅದನ್ನ ಅರ್ಧಕ್ಕೆ ಬಿಡಲ್ಲ ಅಂತ ಪೌಲನಿಗೆ ಭರವಸೆ ಇತ್ತು. ನಮ್ಮ ಯೂತ್‌ಗೆ ತುಂಬಾ ಇಷ್ಟದ ವಾಕ್ಯ, ಅರ್ಧ ಜನರ ಸ್ಟೇಟಸ್‌ನಲ್ಲಿ ಇದೇ ಇರುತ್ತೆ. ಆದರೆ ಇದನ್ನ ಎಲ್ಲಿ ಉಪಯೋಗಿಸ್ತೀವಿ ನೋಡಿ. "ಅಣ್ಣನ ಹತ್ರ ಮಾತಾಡಿದ್ರಾ ಸಿಸ್ಟರ್?" ಅಂದ್ರೆ, "ದೇವರು ಇನ್ನೂ ನನ್ನಲ್ಲಿ ಕೆಲಸ ಮಾಡ್ತಿದ್ದಾರೆ ಪಾಸ್ಟರ್." ಇದಕ್ಕೆ ಪಾಸ್ಟರ್ ಏನು ಹೇಳ್ಬೇಕು! ನಾನಿನ್ನೂ ಪೂರ್ತಿ ಸರಿಯಾಗಿಲ್ಲ ಅನ್ನೋದು ನಿಜ. ಆ ನಿಜ ನನಗೆ ಇವತ್ತಿನ ವಿಧೇಯತೆಯಿಂದ ರಜೆ ಕೊಡುತ್ತಾ?

ನಮ್ಮ ಸಭೆಯ ಒಬ್ಬ ಬ್ರದರ್ ಅನುಮತಿ ಕೊಟ್ಟಿದ್ದಾರೆ, ಅದಕ್ಕೆ ಹೇಳ್ತೀನಿ. ಅವರ ತಂದೆಯದ್ದು 1971ರ ಜಾವಾ 250. ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಿಂದ ಬಂದಿದ್ದು. ಎರಡು ವರ್ಷ ಆದ್ಮೇಲೆ, 1973ರಲ್ಲಿ, ಹೆಸರೇ ಯೆಜ್ಡಿ ಆಯ್ತು. ಕಿಕ್ಕರ್ ಮತ್ತು ಗೇರ್ ಒಂದೇ ಲಿವರ್ ಇರುವ ಗಾಡಿ, ನಿಮ್ಮಲ್ಲಿ ಬಹಳ ಜನ ಸಿನಿಮಾದಲ್ಲಷ್ಟೇ ನೋಡಿರ್ತೀರಿ. ತಂದೆಗೆ ರೇಸ್ ಹುಚ್ಚು. ಮದ್ರಾಸ್ ಹತ್ರ ಶೋಳಾವರಂ ಏರ್‌ಸ್ಟ್ರಿಪ್‌ನಲ್ಲಿ ಓಡಿಸೋಕೆ ಮಡ್‌ಗಾರ್ಡ್ ಕಿತ್ತು ಹಾಕಿ, ಹೆಡ್ ತೆಳ್ಳಗೆ ಮಾಡಿಸಿ, ಸಿಲಿಂಡರ್ ಪೋರ್ಟ್‌ಗಳನ್ನ ಕೈಯಲ್ಲೇ ಅರದಿಂದ ಉಜ್ಜಿ ದೊಡ್ಡದು ಮಾಡಿದ್ರು.

ತಂದೆ ತೀರಿಕೊಂಡ ಮೇಲೆ ಬ್ರದರ್ ಅದನ್ನ ಬಿಚ್ಚಿದ್ರು. ಒಂಬತ್ತು ವರ್ಷ. ಕಾರ್ಬುರೇಟರ್ ಶೋಕೇಸ್‌ನಲ್ಲಿ, ಟ್ಯಾಂಕ್ ಮಂಚದ ಕೆಳಗೆ. ಅವರ ಮಿಸೆಸ್ ತಾಳ್ಮೆ ಬಗ್ಗೆ ಬೇರೆ ಸಂದೇಶವೇ ಕೊಡಬಹುದು. ಸಿಲಿಂಡರ್ ಒಳಗೆ ಬೆರಳಿಟ್ರೆ ಅಪ್ಪನ ಅರದ ಗುರುತು ಸಿಗ್ತಿತ್ತು. ಬ್ರದರ್‌ಗೆ ಅದು ಅಪ್ಪನ ಕೈ. ಮೈಸೂರಲ್ಲಿರೋ ತಮ್ಮನಿಗೆ ಅದೇ ಗುರುತು ಅಂದ್ರೆ ಕಟ್ಟದೇ ಉಳಿದ ಸ್ಕೂಲ್ ಫೀಸು. "ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡು, ಇಲ್ಲಾ ಗುಜರಿಗೆ ಹಾಕು" ಅಂದ. ಅಲ್ಲಿಗೆ ಮಾತು ನಿಂತಿತು.

ಯಾರು ಸರಿ? ನನ್ನ ಪ್ರಕಾರ ಇಬ್ಬರೂ ನಿಜಾನೇ ಹೇಳ್ತಿದ್ರು. ಗುರುತು ಅಳಿಸಿ ಹೊಸದು ಮಾಡೋದೇ ಪುನಃಸ್ಥಾಪನೆ ಅಲ್ಲ. ಯೋಹಾನ 20ರಲ್ಲಿ ಪುನರುತ್ಥಾನ ಹೊಂದಿದ ಯೇಸು ಸ್ವಾಮಿ ಮೊಳೆಯ ಗಾಯ ಇರೋ ಕೈಗಳನ್ನೇ ತೋರಿಸಿದ್ರು. ಆದರೆ ಗುರುತನ್ನ ಉಳಿಸ್ಕೊಳ್ಳೋನು, ಅದರಿಂದ ನೊಂದವನ ಮಾತೂ ಕೇಳ್ಬೇಕಲ್ವಾ?

ಬ್ರದರ್ ಕೇಳೋಕೆ ಹೋಗಲಿಲ್ಲ. "ಗಾಡಿ ಮುಗೀಲಿ, ಅದ್ರಲ್ಲೇ ಹೋಗ್ತೀನಿ." ಈ ಕ್ರೋಮ್ ಸರಿಯಿಲ್ಲ, ಆ ಸ್ಪೋಕ್ ಒರಿಜಿನಲ್ ಅಲ್ಲ. ಎಂಟನೇ ವರ್ಷ ಅವರೇ ನನಗೆ ಹೇಳಿದ್ದು: "ಪಾಸ್ಟರ್, ಇದು ಮುಗಿದ್ರೆ ನನಗೆ ನೆಪ ಇರಲ್ಲ."

ಇಲ್ಲಿ ಮೆಕ್ಯಾನಿಕ್‌ಗಳಿಗೆ ಗೊತ್ತಿರೋ ಒಂದು ವಿಷಯ ಇದೆ. ಸಿಲಿಂಡರ್ ರೀಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿದ ಇಂಜಿನ್ ಶೆಡ್‌ನಲ್ಲಿ ನಿಂತು ಸರಿಹೋಗಲ್ಲ. ರೋಡಿಗೆ ಇಳಿಸಿ ಮೆಲ್ಲಗೆ ಓಡಿಸಿ ರನ್ನಿಂಗ್-ಇನ್ ಮಾಡ್ಬೇಕು. ಭಾರ ಎಳೀತಾ ಎಳೀತಾನೇ ರಿಂಗ್ ಬೋರ್‌ಗೆ ಕೂರುತ್ತೆ. ಅಂದ್ರೆ ಕೆಲಸದ ಕೊನೆಯ ಭಾಗ ನಡೆಯೋದೇ ರಸ್ತೆ ಮೇಲೆ. ಪೂರ್ತಿ ಸರಿಯಾದ ಮೇಲೆ ಇಳಿಸ್ತೀನಿ ಅನ್ನೋನ ಗಾಡಿ ಯಾವತ್ತೂ ಸರಿಯಾಗಲ್ಲ. ಕ್ಷಮೆಯೂ ಹಾಗೇ ಅಂತ ನನಗನ್ನಿಸುತ್ತೆ. ಮನಸ್ಸಲ್ಲಿ ಪೂರ್ತಿ ತಯಾರಾಗಿ ಆಮೇಲೆ ಹೋಗಿ ಬಾಗಿಲು ತಟ್ಟಿದವರನ್ನ ನಾನು ಕಂಡಿಲ್ಲ. ಪವಿತ್ರಾತ್ಮ ದೇವರು ಕೆಲಸ ಮಾಡೋದನ್ನ ಬಾಗಿಲ ಮುಂದೆ ಕಂಡಿದ್ದೀನಿ. ಆಮೆನ್?

ಹೋದ ತಿಂಗಳು ಗಾಡಿ ಮೈಸೂರಿಗೆ ಹೋಯ್ತು. ಸ್ಪೀಡೋಮೀಟರ್ ಕೆಲಸ ಮಾಡ್ತಿರಲಿಲ್ಲ. ರಾಮನಗರ, ಮದ್ದೂರು, ಅಲ್ಲಲ್ಲಿ ಇಂಜಿನ್ ಆರಿಸ್ಕೊಂಡು ಹೋದ್ರು. ಪೋರ್ಟ್‌ನಲ್ಲಿ ಅಪ್ಪನ ಗುರುತು ಹಾಗೇ ಇದೆ. ತಮ್ಮ ಹೊರಗೆ ಬಂದು ನೋಡಿದ, ಗಾಡಿ ಮುಟ್ಟಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟ. ಫೀಸ್ ಕಟ್ಟದೇ ಕ್ಲಾಸಿಂದ ಹೊರಗೆ ನಿಂತ ದಿನದ ಬಗ್ಗೆ ಒಂದು ಗಂಟೆ ಮಾತಾಡಿದ. ಅಣ್ಣ ಕೇಳಿದ್ರು. ಸದ್ಯಕ್ಕೆ ಆಗಿರೋದು ಇಷ್ಟೇ, ಇದಕ್ಕಿಂತ ದೊಡ್ಡ ಸಾಕ್ಷಿ ಮಾಡಿ ಹೇಳಲ್ಲ ನಾನು.

ಈಗ ಮತ್ತಾಯ 5:23-24. ಯಜ್ಞವೇದಿ ಹತ್ರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗು ಅಂತಾರೆ ಸ್ವಾಮಿ. ಆರಾಧನೆ ಮಧ್ಯದಲ್ಲೇ! ಹಾಗಾಗಿ ಯಾರಿಗಾದ್ರೂ ಒಂದು ನಂಬರ್ ನೆನಪಾಗ್ತಿದ್ರೆ, ಈಗಲೇ ಎದ್ದು ಹೊರಗೆ ಹೋಗಿ ಫೋನ್ ಮಾಡಿ. ನಾನೇನೂ ಅಂದ್ಕೊಳ್ಳಲ್ಲ. ಉಳಿದವರು ಎದ್ದು ನಿಂತ್ಕೊಳ್ಳಿ, ಅವರಿಗೋಸ್ಕರ ಪ್ರಾರ್ಥನೆ ಮಾಡೋಣ.