ಇಂದಿನ ಧಮ್ಮ ಚಿಂತನೆ: ಮಿಲಾನಿನ ಚಪ್ಪಲಿ, ನಮ್ಮ ಮಾನ





ಇವತ್ತಿನ ಚಿಂತನೆಗೆ ಫ್ಯಾಷನ್ ವಿಷಯ ತೆಗೆದುಕೊಂಡಿದ್ದೇನೆ. ಧಮ್ಮದ ಗುಂಪಿನಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಮೇಲು, ಕೀಳು ಎಂದು ಮನುಷ್ಯರನ್ನು ಅಳೆಯುವ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿ ನಾವು ಕಣ್ಣು ತೆರೆದು ನೋಡಲೇಬೇಕು.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಗಂಡಸರ ಉಡುಪಿನ ಪ್ರದರ್ಶನ ನಡೆಸಿತು. 2026ರ ವಸಂತ ಮತ್ತು ಬೇಸಿಗೆಗೆಂದು ಮಾಡಿದ ಉಡುಪುಗಳು ಅವು. ನಡೆದು ಬಂದ ಕೆಲವು ಮಾಡೆಲ್‌ಗಳ ಕಾಲಲ್ಲಿ ಇದ್ದದ್ದು, ನಾವು ನೋಡಿದ ಕೂಡಲೇ ಗುರುತಿಸುವ ಕೊಲ್ಹಾಪುರಿ ಚಪ್ಪಲಿಯ ಮಾದರಿ. ಕಂಪನಿ ಅದನ್ನು ಬರೀ ಚರ್ಮದ ಸ್ಯಾಂಡಲ್ ಎಂದು ಕರೆದಿತ್ತು. ಕೊಲ್ಹಾಪುರದ ಹೆಸರಿಲ್ಲ, ಅಥಣಿಯ ಹೆಸರಿಲ್ಲ, ತಲೆತಲಾಂತರದಿಂದ ಹೊಲಿದವರ ಹೆಸರಂತೂ ಇಲ್ಲವೇ ಇಲ್ಲ. ನಮ್ಮ ದೇಶದಲ್ಲಿ ಆಕ್ಷೇಪ ಎದ್ದ ಮೇಲೆ, ಭಾರತದ ಕರಕುಶಲ ಪಾದರಕ್ಷೆಯೇ ಇದಕ್ಕೆ ಸ್ಫೂರ್ತಿ ಎಂದು ಒಪ್ಪಿಕೊಂಡಿತು.

ಹೆಸರು ಕೊಲ್ಹಾಪುರದ್ದಾದರೂ ಈ ಚಪ್ಪಲಿ ನಮ್ಮದೂ ಹೌದು. 2019ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಡೋಹರರು ಹದ ಮಾಡಿದ ಚರ್ಮ. ಮೊಳೆ ಹೊಡೆಯದೆ, ಚರ್ಮದ ದಾರದಲ್ಲೇ ಸಮಗಾರರು ಹಾಕಿದ ಹೊಲಿಗೆ. ಮೇಲಿನ ಹೆಣಿಗೆಯಲ್ಲಿ ಮನೆಯ ಹೆಣ್ಣುಮಕ್ಕಳ ಕೈ. ಆ ಕೈಗಳನ್ನು ಊರು ಮುಟ್ಟಲಿಲ್ಲ, ಆ ಕೈ ಹೊಲಿದ ಚಪ್ಪಲಿಯನ್ನು ಮಾತ್ರ ಮೆಟ್ಟಿಕೊಂಡಿತು. ನಮ್ಮ ಹಿರಿಯರು ಮೇಲ್ಜಾತಿಯವರ ಓಣಿ ಬಂದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ಇದು ಪುಸ್ತಕದ ಮಾತಲ್ಲ, ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ.

ಬಂಧುಗಳೇ, ಈಗ ಧಮ್ಮದ ಪ್ರಶ್ನೆ ಕೇಳೋಣ. ಅದೇ ಚಪ್ಪಲಿ ಊರೊಳಗೆ ಕೀಳು ಕಸುಬು, ಮಿಲಾನಿನಲ್ಲಿ ಬಲು ಎತ್ತರದ ಫ್ಯಾಷನ್. ಬುದ್ಧರು ಕಲಿಸಿದಂತೆ ಅದನ್ನು ಬಿಡಿಬಿಡಿಯಾಗಿ ನೋಡಿ. ಚರ್ಮ ಇದೆ, ತೊಗಟೆಯ ಬಣ್ಣ ಇದೆ, ದಾರ ಇದೆ, ದುಡಿದ ಕೈಯ ಜಾಣತನ ಇದೆ. ‘ಮೇಲು’ ಎನ್ನುವ ತುಂಡು ಎಲ್ಲಿದೆ? ‘ಕೀಳು’ ಎನ್ನುವ ತುಂಡು ಎಲ್ಲಿದೆ? ಚಪ್ಪಲಿಯಲ್ಲಿ ಎರಡೂ ಸಿಗುವುದಿಲ್ಲ. ಹೆಸರಿಡುವ ಅಧಿಕಾರ ಯಾರ ಹತ್ತಿರ ಇದೆಯೋ ಅವರು ಅಂಟಿಸಿದ ಚೀಟಿ ಅದು. ವಾಸೆಟ್ಠ ಎಂಬ ಬ್ರಾಹ್ಮಣ ಯುವಕನಿಗೆ ಬುದ್ಧರು ಇದೇ ದಾರಿಯಲ್ಲಿ ತಿಳಿಹೇಳಿದರು. ಗಿಡಮರಗಳಲ್ಲಿ, ಪ್ರಾಣಿ ಪಕ್ಷಿಗಳಲ್ಲಿ ಹುಟ್ಟಿನಿಂದ ಬಂದ ಬೇರೆ ಬೇರೆ ಗುರುತುಗಳು ಕಾಣುತ್ತವೆ, ಮನುಷ್ಯರ ಮೈಯಲ್ಲಿ ಅಂಥ ಗುರುತು ಎಲ್ಲಿಯೂ ಇಲ್ಲ ಎಂದರು.

ಬಟ್ಟೆಗೆ ಚೀಟಿ ಅಂಟಿಸುವ ವ್ಯಾಪಾರಕ್ಕೂ ಒಂದು ಚರಿತ್ರೆ ಇದೆ. 1858ರಲ್ಲಿ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಫ್ರೆಡ್ರಿಕ್ ವರ್ತ್ ಎಂಬ ಇಂಗ್ಲೆಂಡಿನವನು ಮಳಿಗೆ ತೆರೆದ. ಹೊಲಿಯುವವರು ಗಿರಾಕಿ ಹೇಳಿದಂತೆ ಹೊಲಿದು ಕೊಡುತ್ತಿದ್ದ ಕಾಲ ಅದು. ವರ್ತ್ ತಾನೇ ಮಾದರಿ ಸಿದ್ಧಪಡಿಸಿ, ಹೆಂಗಸರಿಗೆ ತೊಡಿಸಿ ಗಿರಾಕಿಗಳ ಮುಂದೆ ನಡೆಸಿ ತೋರಿಸಿದ, ಉಡುಪಿನ ಒಳಗೆ ತನ್ನ ಹೆಸರಿನ ಪಟ್ಟಿ ಹೊಲಿಸಿದ. 1947ರಲ್ಲಿ ಕ್ರಿಶ್ಚಿಯನ್ ಡಿಯೊರ್ ಮೀಟರುಗಟ್ಟಲೆ ಬಟ್ಟೆ ಬೇಡುವ ಅಗಲವಾದ ಲಂಗ ತಂದ. ಯುದ್ಧದಿಂದಾದ ಬಟ್ಟೆಯ ಅಭಾವ ಯುರೋಪಿನಲ್ಲಿ ಇನ್ನೂ ಮುಗಿದಿರಲಿಲ್ಲ. ಆದರೂ ಹಿಂದಿನ ವರ್ಷದ ಗಿಡ್ಡ ಲಂಗಗಳು ಹಳತಾಗಿ ಹೋದವು. 1954ರಲ್ಲಿ ಅವನೇ ಬೇರೆ ಆಕಾರ ತಂದು ತನ್ನದೇ ಹಿಂದಿನ ಮಾದರಿಯನ್ನು ಹಳತು ಮಾಡಿದ.

ಈಗ ಪ್ಯಾರಿಸ್, ಮಿಲಾನ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಹೆಂಗಸರ ಉಡುಪಿನ ದೊಡ್ಡ ಪ್ರದರ್ಶನಗಳು ವರ್ಷಕ್ಕೆ ಎರಡು ಬಾರಿ ನಡೆಯುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಮುಂದಿನ ಚಳಿಗಾಲದ್ದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮುಂದಿನ ಬೇಸಿಗೆಯದ್ದು. ಚಳಿ, ಬಿಸಿಲು ಬರುವುದಕ್ಕೆ ಆರು ತಿಂಗಳು ಮೊದಲೇ ಅಂಗಡಿಯ ಋತು ಬಂದಿರುತ್ತದೆ. ಬಟ್ಟೆ ಹರಿಯುವ ಮೊದಲೇ ಅದಕ್ಕೆ ವಯಸ್ಸಾಗಬೇಕು, ವ್ಯಾಪಾರದ ಗುಟ್ಟು ಇಷ್ಟೇ. ಎಲ್ಲವೂ ಅನಿತ್ಯ ಎಂದು ಬುದ್ಧರು ಹೇಳಿದ್ದು ತಣ್ಹೆಯಿಂದ ಬಿಡುಗಡೆಯಾಗಲಿ ಎಂದು. ಇಲ್ಲಿ ತಣ್ಹೆಯನ್ನು ಎಬ್ಬಿಸಲೆಂದೇ ಕ್ಯಾಲೆಂಡರ್ ಹಾಕಿ ಅನಿತ್ಯವನ್ನು ತಯಾರಿಸುತ್ತಾರೆ.

ಅದರ ನಕಲು ನಕಲಾಗಿ ನಮ್ಮ ಊರಿನ ಬಟ್ಟೆ ಅಂಗಡಿಗೂ ಮೊಬೈಲಿಗೂ ಬರುತ್ತದೆ. ನನ್ನ ಎಂಟನೇ ತರಗತಿಯ ಹುಡುಗಿಯೊಬ್ಬಳು ಕಲರ್ ಡ್ರೆಸ್ ದಿನ ಶಾಲೆಗೇ ಬರಲಿಲ್ಲ. ಮರುದಿನ ಕೇಳಿದರೆ, “ಹೋದ ವರ್ಷದ್ದೇ ಡ್ರೆಸ್ ಮಿಸ್, ಎಲ್ಲರೂ ನೋಡಿದಾರೆ” ಅಂದಳು. ಡ್ರೆಸ್ ಹರಿದಿರಲಿಲ್ಲ, ಗಿಡ್ಡ ಆಗಿರಲಿಲ್ಲ. ಅವಳ ತಾಯಿ ಕೂಲಿ ಮಾಡಿ ಕೊಡಿಸಿದ್ದು. ಅವಳ ತಲೆ ತಗ್ಗಿಸಿದ್ದು ಯಾರು?

ಕನ್ನಡದಲ್ಲಿ ‘ಮಾನ’ ಎಂದರೆ ಮರ್ಯಾದೆ. ಬಟ್ಟೆ ಮಾನ ಮುಚ್ಚುತ್ತದೆ ಎನ್ನುತ್ತೇವೆ. ಪಾಲಿಯಲ್ಲಿ ‘ಮಾನ’ ಎಂದರೆ ತನ್ನನ್ನು ಇನ್ನೊಬ್ಬರ ಜೊತೆ ಅಳೆದು ನೋಡುವ ಚಿತ್ತಮಲ. ನಾನು ಮೇಲು ಎನ್ನುವುದು ಮಾನ, ನಾನು ಸಮ ಎಂದು ಅಳೆಯುವುದೂ ಮಾನ, ನಾನು ಕೀಳು ಎಂದು ಕುಗ್ಗುವುದೂ ಮಾನ. ಮರ್ಯಾದೆಯ ಮಾನ ನಮಗೆ ಬೇಕು. ಅಳೆಯುವ ಮಾನ ಬೇಡ. ಇವೆರಡನ್ನು ಬೆರೆಸಿ ಮಾರುವುದೇ ಫ್ಯಾಷನ್ನಿನ ಜಾಣತನ.

ಹಾಗಾದರೆ ಹರಕು ಉಟ್ಟು ಕೂರಬೇಕೇ? ಖಂಡಿತ ಬೇಡ. ಸತ್ತವರ ಬಟ್ಟೆಯನ್ನೇ ಚಂಡಾಲರು ಉಡಬೇಕು ಎಂದು ಬರೆದಿಟ್ಟ ಮನುಸ್ಮೃತಿಯನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಆ ಮಹಾಡದಲ್ಲೇ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಜಾತಿಯ ಗುರುತಾಗಿದ್ದ ಮೊಣಕಾಲಿನವರೆಗಿನ ಸೀರೆ ಉಡುವ ರೀತಿಯನ್ನೂ ಭಾರದ ಒಡವೆಗಳನ್ನೂ ಬಿಡಿ, ಶುಚಿಯಾಗಿ ಮೈತುಂಬ ಉಡಿ ಎಂದರು. ಅವರು ತೊಟ್ಟ ಸೂಟು ಕೂಡ ಅದೇ ಮಾತು ಹೇಳುತ್ತದೆ. ಬುದ್ಧರು ಬಡತನವನ್ನು ಎಂದೂ ಹೊಗಳಲಿಲ್ಲ ಎಂದು ಬಾಬಾಸಾಹೇಬರು ನಮಗೆ ತಿಳಿಸಿಕೊಟ್ಟಿದ್ದಾರೆ. ಆದ್ದರಿಂದ ಚೆನ್ನಾಗಿ ಉಡೋಣ. ನಾವು ಏನು ಉಡಬೇಕು ಎಂದು ಮನು ಹೇಳುವುದು ಬೇಡ ಎಂದ ಮೇಲೆ, ಮಿಲಾನ್ ಹೇಳುವುದೂ ಬೇಡ.

ವಿನಯ ಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಆನಂದರಿಗೆ ಐನೂರು ಚೀವರಗಳು ದಾನವಾಗಿ ಬಂದವು. ಇಷ್ಟೊಂದು ಏನು ಮಾಡುತ್ತೀರಿ ಎಂದು ಉದೇನ ರಾಜ ಕೇಳಿದ. ಚೀವರ ಹಳತಾದ ಭಿಕ್ಖುಗಳಿಗೆ ಕೊಡುತ್ತೇವೆ ಎಂದರು. ಆ ಹಳೆಯವು? ಹಾಸುಹೊದಿಕೆಗೆ. ಅವೂ ಹಳತಾದರೆ? ನೆಲದ ಹಾಸಿಗೆ, ಆಮೇಲೆ ಕಾಲೊರೆಸುವುದಕ್ಕೆ, ಆಮೇಲೆ ದೂಳು ಹೊಡೆಯುವುದಕ್ಕೆ. ಕೊನೆಗೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂದರು. ರಾಜ ಮೆಚ್ಚಿ ಇನ್ನೂ ಐನೂರು ಕೊಟ್ಟ. ನಮ್ಮ ಅವ್ವಂದಿರು ಹಳೆ ಸೀರೆಗಳಲ್ಲಿ ಕೌದಿ ಹೊಲಿದದ್ದು ಇದೇ ದಾರಿಯಲ್ಲಿ.

ಒಂದು ಮಾತು ಉಳಿದಿದೆ. 2025ರ ಡಿಸೆಂಬರ್‌ನಲ್ಲಿ ಪ್ರಾಡಾ ಕಂಪನಿ ಮಹಾರಾಷ್ಟ್ರದ ಲಿಡ್ಕಾಂ ಮತ್ತು ನಮ್ಮ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. 2,000 ಜೊತೆ ಚಪ್ಪಲಿ ಇಲ್ಲೇ ಮಾಡಿಸುವುದು, ಒಂದು ಜೊತೆಗೆ ಸುಮಾರು 800 ಯೂರೋ ಬೆಲೆ ಎಂದು ಸುದ್ದಿ ಬಂತು. ಹೊಲಿಯುವ ಮನೆಗಳಿಗೆ ನ್ಯಾಯವಾದ ಪಾಲು ಬಂದರೆ ಸಂತೋಷ. ಆದರೆ ಆ ಕೈಗಳು ದೊಡ್ಡವು ಎಂದು ತಿಳಿಯಲು ನಮಗೆ 800 ಯೂರೋ ಚೀಟಿ ಬೇಕಿಲ್ಲ.

*ಇಂದಿನ ಅಭ್ಯಾಸ:* ಹೊಸದನ್ನು ಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳೋಣ. ಇದು ನನ್ನ ಮೈಗೆ ಬೇಕೋ, ಬೇರೆಯವರ ಕಣ್ಣಿಗೆ ಬೇಕೋ? ಇದನ್ನು ಹೊಲಿದವರು ಯಾರು? ಮನೆಯ ಮಕ್ಕಳಿಗೂ ಈ ಎರಡು ಪ್ರಶ್ನೆ ಕಲಿಸೋಣ.

ಸರ್ವರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.