ಒಂದೂಕಾಲು ಗಂಟೆಯ ದೂರ

ಬೆಂಗಳೂರಿನಿಂದ ಕಲಬುರಗಿಗೆ ರಸ್ತೆಯಲ್ಲಿ ಸುಮಾರು 600 ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಊರು. ಹಬ್ಬಕ್ಕೆ ಹೋಗದಿದ್ದಾಗ 'ಭಾಳ ದೂರ ಅದ ಅವ್ವಾ, ರಜಾ ಸಾಲಂಗಿಲ್ಲ' ಅಂದರೆ ಅವ್ವ ನಂಬುತ್ತಿದ್ದಳು. ನಾನೂ ನಂಬಿದ್ದೆ.

2019ರ ನವೆಂಬರಿನಲ್ಲಿ ಅಲ್ಲಿಗೆ ವಿಮಾನ ಬಂತು. ಹಾರಾಟ ಹೆಚ್ಚೂಕಮ್ಮಿ ಒಂದೂಕಾಲು ಗಂಟೆ. (ದೇವನಹಳ್ಳಿ ಮುಟ್ಟೋಕೇ ಎರಡು ಗಂಟೆ ಬೇಕು, ಆ ಲೆಕ್ಕ ಬೇರೆ.) ಆಮೇಲೆ ವರ್ಷಕ್ಕೆ ಎಷ್ಟು ಸಲ ಹೋದೆ ಅಂತ ಎಣಿಸಿದೆ. ಮೊದಲಿನಷ್ಟೇ, ಎರಡು.

ಹಾಗಾದರೆ ಇಷ್ಟು ವರ್ಷ ನನ್ನನ್ನು ತಡೆದದ್ದು ದೂರವಾ? ಸುಳ್ಳು ಹೇಳಿದೆ ಅನ್ನೋಕೂ ಆಗಲ್ಲ. ಅದು ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಡಿದ ಸುಳ್ಳಿಗೆ ತಪ್ಪು ಯಾರದು?

ಆಗೊಮ್ಮೆ ಫೋನಿನಲ್ಲಿ ಅವ್ವ, 'ಇಮಾನಕ್ಕ ರೊಕ್ಕ ಭಾಳ ಆಗ್ತದೇನಪ್ಪಾ?' ಅಂದಳು. ಪಾಪ, ಹೊಸ ನೆವವನ್ನ ಅವಳೇ ಹುಡುಕಿ ಕೊಡುತ್ತಿದ್ದಳು.

'ಹೂಂ' ಅಂದೆ.