ಎಡಗೈಯ ಕೋವಿ

ಒಂದು ವಸ್ತುವನ್ನು ಮಾಡಿಸಬೇಕಾದಾಗ ಒಳ್ಳೆಯ ಕೆಲಸಗಾರನನ್ನು ಹುಡುಕಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಅವನನ್ನು ಗುರುತಿಸುವುದು ಹೇಗೆ? ಮಚ್ಚಿನ ಮಾತಾದರೆ ಸುಲಭ. ಕುಲುಮೆಯಿಂದ ತಂದ ಮಚ್ಚನ್ನು ಒಂದು ಎಳನೀರಿನ ಮೇಲೆ ಬೀಸಿ ನೋಡಿದರೆ ಅದರ ಯೋಗ್ಯತೆ ತಿಳಿದುಹೋಗುತ್ತದೆ. ಬಾಯಿ ಮಡಿಚಿಕೊಂಡರೆ ಮರುದಿನವೇ ಕಮ್ಮಾರನ ಮುಂದಿಟ್ಟು, ನಾಲ್ಕು ಮಾತಾಡಿ, ಮತ್ತೆ ಕಾಯಿಸಿ ತಟ್ಟಿಸಿಕೊಂಡು ಬರಬಹುದು. ಕೋವಿ ಹಾಗಲ್ಲ. ಅದರ ನಳಿಗೆಯೊಳಗಿನ ದೋಷ ನೂರು ಸಲ ಬಾಯಿ ಮುಚ್ಚಿಕೊಂಡಿದ್ದು ನೂರೊಂದನೆಯ ಸಲ ಮಾತಾಡಬಹುದು. ಆಮೇಲೆ ಹಿಂದಕ್ಕೆ ತಂದು ಕೊಟ್ಟು ರಿಪೇರಿ ಮಾಡಿಸಲು ಬೆರಳೋ ಕಣ್ಣೋ ಉಳಿದಿರಬೇಕಲ್ಲ!

ಈ ವಿಚಾರ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮೂರು ತಿಪಟೂರು ತಾಲ್ಲೂಕಿನ ಹಾಲ್ಕುರಿಕೆ. ಅಲ್ಲಿ ನಮ್ಮ ದೊಡ್ಡಪ್ಪನವರಿಗೆ ತೋಟದ ಕಾವಲಿಗೆಂದು ಪರವಾನಗಿಯುಳ್ಳ ಒಂದು ಕೇಪಿನ ಕೋವಿಯಿತ್ತು. ಬಾಯಿಂದ ಮದ್ದು ತುಂಬುವ ಬಗೆಯದು. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆಂದು ಹೆಸರಿಸಿರುವುದೂ ಈ ಬಗೆಯ ಕೋವಿಯನ್ನೇ. ಅದು ಅವರ ತಂದೆಯ ಕಾಲದ್ದು. ಕೋತಿಯ ಮೇಲೆ ಗುಂಡು ಹಾರಿಸಲು ನಮ್ಮವರ ಮನಸ್ಸು ಒಪ್ಪದು. ಬರಿಯ ಮದ್ದು ತುಂಬಿ ಸದ್ದು ಮಾಡುವುದಷ್ಟೇ ಅದರ ಕೆಲಸವಾಗಿತ್ತು. ಹೀಗಿರುವಾಗ ಪಕ್ಕದೂರಿನಲ್ಲಿ ಅಂಥದೇ ಒಂದು ಹಳೆಯ ಕೋವಿ ಸಿಡಿದು ಎರಡು ಬೆರಳು ಹೋದವು. ಹೋದದ್ದು ಯಜಮಾನರ ಬೆರಳಲ್ಲ, ಆಳಿನದು.

ದೊಡ್ಡಪ್ಪನವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಹೊಸ ಕೋವಿ ಮಾಡಿಸುವುದೆಂದು ತೀರ್ಮಾನಿಸಿ ವಿಚಾರಿಸತೊಡಗಿದರು. ಹತ್ತಿರದ ಪೇಟೆಯ ಒಬ್ಬ ಕೆಲಸಗಾರ, ಹಳೆಯ ನಳಿಗೆಗೇ ಹೊಸ ಮರ ಕೂಡಿಸಿ ಎಂಟು ದಿನದಲ್ಲಿ ಕೊಡುವೆನೆಂದ. ಖರ್ಚು ಕಡಿಮೆ; ತಂದೆಯ ನಳಿಗೆಯೂ ಉಳಿಯುತ್ತದೆ. ಇನ್ನೊಬ್ಬರು ಮೈಸೂರಿನಲ್ಲಿದ್ದ, ಸರ್ಕಾರದ ಪರವಾನಗಿ ಪಡೆದ ಒಬ್ಬ ಮುದುಕ ಮೇಸ್ತ್ರಿ. ಎರಡು ಪಾಲು ಹಣ, ನಾಲ್ಕು ತಿಂಗಳ ಕಾಲ. ದೊಡ್ಡಪ್ಪ ಹಳೆಯ ಕೋವಿಯನ್ನು ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು, ಮೈಸೂರಿಗೆ ಹೊರಟರು.

ನಮ್ಮ ಕಡೆಯವರು ಮುಚ್ಚಿದ ವಸ್ತುವಿನ ಒಳಗನ್ನು ಕಿವಿಯಿಂದ ಅಳೆಯುವವರು. ಸಿಪ್ಪೆಯ ಸಮೇತ ಕಾಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಬಿಟ್ಟರೆ ನೀರು ಇಂಗಿ, ಒಳಗಿನ ತಿರುಳು ಕರಟವನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆ ಸದ್ದಿನ ಮೇಲೆ ಬೆಲೆ ಕಟ್ಟುವ ಜಾಣರು ತಿಪಟೂರಿನಲ್ಲಿ ಎಷ್ಟೋ ಮಂದಿ. ಆ ಅಭ್ಯಾಸದಿಂದಲೇ ದೊಡ್ಡಪ್ಪ ಮೇಸ್ತ್ರಿಯ ಅಂಗಡಿಯಲ್ಲಿ ಒಂದು ಹೊಸ ನಳಿಗೆಯನ್ನೆತ್ತಿ ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಮುದುಕರು ನಕ್ಕು, “ಇದು ಕೊಬ್ಬರಿಯಲ್ಲ ಗೌಡ್ರೇ” ಎಂದರು.

ಆಮೇಲೆ ಅವರು ನಮ್ಮ ಕೋವಿಯ ಹಿಂಬದಿಯ ಬಿರಟೆಯನ್ನು ಬಿಚ್ಚಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಕೈಯಲ್ಲೂ ನೋಡಿಸಿದರು. ಒಳಗೆಲ್ಲ ಸಿಡುಬಿನ ಮುಖದಂತೆ ತುಕ್ಕಿನ ಕುಳಿಗಳು. “ಇದಕ್ಕೆ ನಾನು ಮರ ಕೂಡಿಸುವುದಿಲ್ಲ. ನಿಮ್ಮ ತಂದೆಯವರದು ಅಂತೀರಿ. ಆಯುಧಪೂಜೆಯಲ್ಲಿ ಇಟ್ಟು ಹೂವೇರಿಸಿ.” ದುಡ್ಡು ತಾನಾಗಿ ಬಾಗಿಲಿಗೆ ಬಂದಾಗ ಬೇಡವೆನ್ನುವ ಕೆಲಸಗಾರನನ್ನು ನಾನು ನೋಡಿದ್ದು ಅದೇ ಮೊದಲು. ಅನಂತರವೂ ಹೆಚ್ಚು ಜನರನ್ನು ನೋಡಿಲ್ಲ.

ಹೊಸ ನಳಿಗೆಯನ್ನಾದರೂ ನಂಬುವುದು ಹೇಗೆಂದು ದೊಡ್ಡಪ್ಪ ಕೇಳಿದರು. ಬಳಕೆಯಲ್ಲಿ ತುಂಬುವುದಕ್ಕಿಂತ ಹೆಚ್ಚು ಮದ್ದು ತುಂಬಿ, ಮನುಷ್ಯರು ದೂರ ನಿಂತು ಹಾರಿಸಿ, ನಳಿಗೆ ಉಬ್ಬಿತೋ ಬಿರಿಯಿತೋ ಎಂದು ಪರೀಕ್ಷಿಸುವ ಕ್ರಮವನ್ನು ಅವರು ವಿವರಿಸಿದರು. ಈ ಕ್ರಮ ಹಳೆಯದು. ಲಂಡನ್ನಿನ ಕೋವಿ ಕೆಲಸಗಾರರ ಸಂಘಕ್ಕೆ 1637ರಲ್ಲೇ ರಾಜಶಾಸನ ದೊರೆತಿತ್ತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರ ಕಾಯಿದೆಯಿಂದ ಆದದ್ದು. ಪರೀಕ್ಷೆಯಲ್ಲಿ ಗೆದ್ದ ನಳಿಗೆಗೆ ಮುದ್ರೆ ಬೀಳುತ್ತದೆ. ಆದರೆ ಆ ಮುದ್ರೆ ಹೇಳುವುದು ಅಂದಿನ ಮಾತನ್ನು ಮಾತ್ರ. ಶ್ರೀರಂಗಪಟ್ಟಣದ ಟಿಪ್ಪುವಿನ ಕಾರ್ಖಾನೆಗಳಲ್ಲಿ ಆದ ಕೋವಿಗಳ ಮೇಲೆ ಮಾಡಿದವನ ಹೆಸರನ್ನೇ ಕೆತ್ತುವುದಿತ್ತು. 1799ರ ಅನಂತರ ಲೂಟಿಯಾಗಿ ಸಮುದ್ರ ದಾಟಿದ ಆ ಕೋವಿಗಳ ಮೇಲೆ ಅಸದ್ ಅಮೀನ್, ಸಯ್ಯದ್ ಮಸೂಮ್ ಮೊದಲಾದ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. ಅರಸನ ಕೆನ್ನೆಗೆ ತಾಗುವ ಕಬ್ಬಿಣದ ಮೇಲೆ ಹೆಸರು ಹಾಕುವುದೆಂದರೆ ತಲೆಯನ್ನೇ ಒತ್ತೆಯಿಟ್ಟಂತೆ. ಆಳಿನ ಕೆನ್ನೆಗೆ ತಾಗುವ ಕಬ್ಬಿಣಕ್ಕೆ ಯಾರು ಒತ್ತೆ?

ನಾನು ಹೀಗೆಲ್ಲ ಯೋಚಿಸಿದ್ದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತು ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ. ದೊಡ್ಡಪ್ಪ ತಮ್ಮ ತೋಳಿನ ಅಳತೆ ಕೊಡಲು ಅಂಗಿಯ ತೋಳು ಮಡಿಸುತ್ತಿದ್ದರು. “ಹಾರಿಸುವವರು ನೀವೇನಾ?”

“ನಾನೆಲ್ಲಿ! ನಮ್ಮ ತೋಟ ಕಾಯುವವನು. ಅವನ ಹೆಸರೂ ಪರವಾನಗಿಯಲ್ಲಿದೆ.”

“ಹಾಗಾದರೆ ನಿಮ್ಮ ಅಳತೆ ನನಗೇಕೆ? ಅವನನ್ನು ಕರೆದುಕೊಂಡು ಬನ್ನಿ.”

ದೊಡ್ಡಪ್ಪನವರಿಗೆ ಸಿಟ್ಟು ಬಂತು. ಸದ್ದು ಮಾಡುವ ಕೋವಿಗೆ ಇಷ್ಟು ಉಪಚಾರವೆ? ರೈಲಿನಲ್ಲಿ ಅರಸೀಕೆರೆ ಬರುವವರೆಗೂ ಗೊಣಗಿದರು. ಆದರೂ ಹದಿನೈದು ದಿನಕ್ಕೆ ಅವನನ್ನು ಕರೆದುಕೊಂಡು ಹೋದರು.

ಮೇಸ್ತ್ರಿ ಅವನ ಕೈಗೆ ಖಾಲಿ ಕೋವಿಯೊಂದನ್ನು ಕೊಟ್ಟು, ಕಣ್ಣು ಮುಚ್ಚಿಕೊಂಡು ಭುಜಕ್ಕೆ ಏರಿಸಲು ಹೇಳಿದರು. ಅವನು ಏರಿಸಿದ್ದು ಎಡ ಭುಜಕ್ಕೆ. ಮುದುಕರು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಎಡಗಣ್ಣಿನ ಕೆಳಗೆ ಸಾಸಿವೆ ಎರಚಿದಂತೆ ಕರಿಯ ಚುಕ್ಕೆಗಳು. ಹುಟ್ಟು ಮಚ್ಚೆಗಳೆಂದು ನಾವೆಲ್ಲ ತಿಳಿದಿದ್ದೆವು. ಸಾಧಾರಣ ಕೋವಿಯಲ್ಲಿ ಕೇಪೂ ಅದನ್ನು ಬಡಿಯುವ ಕುದುರೆಯೂ ಬಲಪಕ್ಕದಲ್ಲಿರುತ್ತವೆ. ಬಲಗೈಯವನ ಮುಖ ಎಡಪಕ್ಕದಲ್ಲಿರುವುದರಿಂದ ಅವನಿಗೆ ಬಾಧೆಯಿಲ್ಲ. ಎಡಗೈಯವನ ಕೆನ್ನೆಯಾದರೋ ಕಿಡಿ ಹಾರುವ ಪಕ್ಕದಲ್ಲೇ ಇರುತ್ತದೆ. ವರ್ಷಗಟ್ಟಲೆ ಅವನು ನಮ್ಮ ತೆಂಗಿನಕಾಯಿಗಾಗಿ ಆ ಕಿಡಿಯನ್ನು ಮುಖಕ್ಕೆ ಹಿಡಿದಿದ್ದ.

“ಯಾಕೋ ಹೇಳಲಿಲ್ಲ?” ಎಂದರು ದೊಡ್ಡಪ್ಪ.

“ಕೋವಿ ಇರೋದೇ ಹಂಗಲ್ವ್ರಾ ಬುದ್ದಿ” ಎಂದ.

ಕೊಲ್ಲಬಲ್ಲ ವಸ್ತುವನ್ನು ಚೆನ್ನಾಗಿ ಮಾಡುವುದೂ ಒಂದು ಗುಣವೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಕೆಟ್ಟದಾಗಿ ಮಾಡಿದ್ದೂ ಕೊಲ್ಲುತ್ತದೆ, ಅದೂ ಹಿಡಿದವನನ್ನು. ಯಾರನ್ನು ಕೆಲಸಕ್ಕೆ ಗೊತ್ತುಮಾಡಬೇಕೆಂಬುದು ನಮ್ಮ ಹಣದ, ನಮ್ಮ ರುಚಿಯ ಪ್ರಶ್ನೆ ಎಂದೇ ನಾವು ತಿಳಿದಿರುತ್ತೇವೆ. ಮನೆ ಕಟ್ಟಿಸುವವರು ನಾವು, ಸಾರುವೆಯ ಮೇಲೆ ನಿಲ್ಲುವವರು ಬೇರೆ. ಬಾವಿ ತೋಡಿಸುವವರು ನಾವು, ಒಳಗಿಳಿಯುವವರು ಬೇರೆ. ಆ ಪೇಟೆಯ ಕೆಲಸಗಾರನೂ ಕೈಯಲ್ಲಿ ಕಡಿಮೆಯವನಿರಲಿಕ್ಕಿಲ್ಲ. ಅವನು ದೊಡ್ಡಪ್ಪನವರನ್ನು ಮಾತ್ರ ನೋಡಿದ, ಅಷ್ಟೆ.

ಟಿಪ್ಪುವಿನ ಪಿಸ್ತೂಲುಗಳಲ್ಲಿ ಒಂದಕ್ಕೆ ಎಡಪಕ್ಕದಲ್ಲಿ, ಇನ್ನೊಂದಕ್ಕೆ ಬಲಪಕ್ಕದಲ್ಲಿ ಕುದುರೆಯಿಟ್ಟು, ಕನ್ನಡಿಯ ಬಿಂಬದಂತೆ ಮಾಡಿದ ಜೋಡಿಗಳುಂಟು. ನಮ್ಮ ಕಾವಲಿನವನ ಕೋವಿಗೂ ಎಡಪಕ್ಕದಲ್ಲೇ ಕುದುರೆ ಬಂತು. ಆ ವರ್ಷ ಅಟ್ಟದಲ್ಲಿದ್ದ ಕೊಬ್ಬರಿಯ ದುಡ್ಡಿನಲ್ಲಿ ಒಳ್ಳೆಯ ಪಾಲು ಅದಕ್ಕೇ ಹೋಯಿತೆಂದು ದೊಡ್ಡಮ್ಮ ಬಹುಕಾಲ ಹೇಳುತ್ತಿದ್ದರು.

ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಗೆ ಒಪ್ಪಿಸುವ ವಾಡಿಕೆಯುಂಟು. ಒಮ್ಮೆ ದೊಡ್ಡಪ್ಪನವರ ಜೊತೆ ನಾನೂ ಹೋಗಿದ್ದೆ. ಹೊಸದಾಗಿ ಬಂದಿದ್ದ ಪೊಲೀಸಿನವರು ಕೋವಿಯನ್ನು ಅತ್ತಿತ್ತ ತಿರುಗಿಸಿ, “ಇದೇನ್ರೀ, ಕುದುರೆ ತಪ್ಪು ಪಕ್ಕಕ್ಕೆ ಕೂತಿದೆ?” ಎಂದರು. ದೊಡ್ಡಪ್ಪ ಮಾತಾಡಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ ಅವನನ್ನು ಒಳಕ್ಕೆ ಕರೆದು, ಕೋವಿಯನ್ನು ಅವನ ಕೈಗೇ ಕೊಡಿಸಿದರು.